ಬಾಯ್ಲರ್ ರೂಮಿನ ಬಿಳಿ ಪುಡಿ

"40 ವರ್ಷ ಆತು ತಮ್ಮಾ. ಏನರ ಆಗೋದಿದ್ರೆ ಆವಾಗ್ಲೇ ಆಗ್ತಿತ್ತು."

ಸಿರುಗುಪ್ಪದ ಹತ್ತಿರ ಇರುವ ನಮ್ಮೂರಲ್ಲಿ ದೊಡ್ಡಪ್ಪ ಈ ಮಾತನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. 1964ರಲ್ಲಿ ನೌಕಾಪಡೆ ಸೇರಿದವರು. ಲೋನಾವಳದ ಐಎನ್‌ಎಸ್ ಶಿವಾಜಿ ಎಂಬ ನೌಕಾಪಡೆಯ ತರಬೇತಿ ಕೇಂದ್ರದಲ್ಲಿ ಇಂಜಿನ್ ಕೆಲಸ ಕಲಿತರು. ಆಮೇಲೆ ಹೆಚ್ಚು ಕಾಲ ಕಳೆದದ್ದು ಐಎನ್‌ಎಸ್ ಮೈಸೂರು ಹಡಗಿನ ಬಾಯ್ಲರ್ ರೂಮಿನಲ್ಲಿ. 1979ರಲ್ಲಿ ಪೆನ್ಷನ್ ತಗೊಂಡು ಬಂದು ಭತ್ತ ಬೆಳೆದರು. ಈಗ 2 ವರ್ಷದಿಂದ ಗದ್ದೆಯ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು, ಬಿಡದ ಒಣ ಕೆಮ್ಮು.

ಒಂದು ಆಸ್ಪತ್ರೆಯಲ್ಲಿ ಟಿಬಿ ಅಂತ 6 ತಿಂಗಳು ಮಾತ್ರೆ ಕೊಟ್ಟರು. ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿರಲೇ ಇಲ್ಲ. ಸಂಬಂಧಿಕರೊಬ್ಬರು ತಾಯಿತ ಕಟ್ಟಿಸಿದರು. ಇನ್ನೊಬ್ಬರು ದಿನಾ ಬೆಲ್ಲ ತಿನ್ನಿಸಿದರು, ಎದೆಯ ಧೂಳು ಇಳಿಯುತ್ತೆ ಅಂತ. ಹಡಗಿನಲ್ಲಿ ಎಲ್ಲಿ ಕೆಲಸ ಮಾಡ್ತಿದ್ರಿ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಸಂಕಟ ಆಗೋದು ಇದಕ್ಕೇ. ಅವರ ಕೆಮ್ಮಿನ ಉತ್ತರ ಎದೆಯಲ್ಲಿ ಎಷ್ಟಿತ್ತೋ ಅವರ ಸರ್ವಿಸ್ ಪುಸ್ತಕದಲ್ಲೂ ಅಷ್ಟೇ ಇತ್ತು.

ಆ ಕಾಲದ ಹಡಗು ಓಡುತ್ತಿದ್ದದ್ದು ಉಗಿಯಿಂದ. ಬಾಯ್ಲರಿನಿಂದ ಟರ್ಬೈನಿಗೆ ಕೆಂಡದಂಥ ಕೊಳವೆಗಳು ಹೋಗುತ್ತವೆ. ಬರಿಗೈ ತಾಗಿದರೆ ಚರ್ಮ ಸುಲಿದು ಬರಬೇಕು. ಶಾಖ ಹೊರಗೆ ಬಾರದಂತೆ ಆ ಕೊಳವೆಗಳಿಗೆ ದಪ್ಪಗೆ ಬಿಳಿ ಹೊದಿಕೆ ಸುತ್ತುತ್ತಿದ್ದರು. ಹಡಗಿನವರು ಅದನ್ನು ಲ್ಯಾಗಿಂಗ್ ಅನ್ನುತ್ತಾರೆ. ಕೊಳವೆ ಸೋರಿದರೆ ಲ್ಯಾಗಿಂಗ್ ಕಿತ್ತು, ರಿಪೇರಿ ಮಾಡಿ, ಮತ್ತೆ ಸುತ್ತಬೇಕು. ಕಿಟಕಿ ಇಲ್ಲದ ಕೋಣೆ ಅದು. "ಮೇಲೆ ಆರಿಂಚಿನ ತೋಪು ಹಾರಿಸಿದ್ರಂದ್ರ ಇಡೀ ಹಡಗು ನಡುಗೋದು. ಪೈಪಿನ ಮ್ಯಾಲಿಂದ ಹಿಟ್ಟು ಜರಡಿ ಹಿಡಿದಂಗ ಉದುರೋದು. ಚಾದ ಮಗ್ಗಿನ ಮ್ಯಾಲೆ ಅಂಗೈ ಮುಚ್ಚಿಕೊಂಡು ಕುಡೀತಿದ್ವಿ" ಅಂತ ದೊಡ್ಡಪ್ಪ ಈಗಲೂ ಅಂಗೈ ಮುಚ್ಚಿ ತೋರಿಸುತ್ತಾರೆ.

ಆ ಹಿಟ್ಟು ಆಸ್ಬೆಸ್ಟಾಸ್. ನಮ್ಮ ಹಳೆಯ ಪದ ಇನ್ನೂ ಚೆಂದ: ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಬಂಡೆಯಿಂದ ಅಗೆದು ತೆಗೆದು ಹಿಂಜಿದರೆ ಹತ್ತಿಯ ಹಾಗೆ ಎಳೆ ಎಳೆ ಬರುತ್ತದೆ. ನೂಲಬಹುದು, ನೇಯಬಹುದು. ಬೆಂಕಿಗೆ ಹಾಕಿದರೆ ಸುಡುವುದಿಲ್ಲ. ಹಿಂದೆ ಯುರೋಪಿನಲ್ಲಿ ಇದು ಬೆಂಕಿಯಲ್ಲಿ ಬದುಕುವ ಯಾವುದೋ ಪ್ರಾಣಿಯ ತುಪ್ಪಳ ಅಂತ ನಂಬಿದ್ದರು. 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ಪ್ರಾಣಿಯೂ ಇಲ್ಲ ಏನೂ ಇಲ್ಲ, ಇದು ಬೆಟ್ಟದಿಂದ ಅಗೆಯುವ ಖನಿಜ ಅಂತ ಹೇಳಿದ. ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೇ ಅವನಿಗೆ ಸತ್ಯ ಸಿಕ್ಕಿತು. ನಮಗೂ ಇದು ದೂರದ ವಸ್ತುವಲ್ಲ. ಬಳ್ಳಾರಿಯಿಂದ ಅನಂತಪುರ ದಾಟಿದರೆ ಕಡಪ ಜಿಲ್ಲೆಯ ಪುಲಿವೆಂದುಲ ಸಿಗುತ್ತದೆ. ಅಲ್ಲಿ ಒಂದು ಕಾಲಕ್ಕೆ ಬಿಳಿ ಕಲ್ನಾರನ್ನು ಅಗೆಯುತ್ತಿದ್ದರು. ಬಿಳಿಯದಲ್ಲದೆ ನೀಲಿ, ಕಂದು ಬಗೆಗಳೂ ಇವೆ. ಕಂದು ಕಲ್ನಾರಿನ ಹೆಸರು ಅಮೋಸೈಟ್. 'ದಕ್ಷಿಣ ಆಫ್ರಿಕಾದ ಆಸ್ಬೆಸ್ಟಾಸ್ ಗಣಿಗಳು' ಅನ್ನುವ ಕಂಪನಿ ಹೆಸರಿನ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಹುಟ್ಟಿಸಿದ ಪದ ಅದು. ಹಡಗಿನ ಕೊಳವೆಗಳಿಗೆ ಇದನ್ನು ಜಾಸ್ತಿ ಬಳಸಿದರು.

ಇದರ ಪುಡಿ ಎದೆಗೆ ಕೆಡುಕು ಅಂತ ಯಾರಿಗೂ ಗೊತ್ತಿರಲಿಲ್ಲ ಅನ್ನುವ ಮಾತು ಕೇಳುತ್ತೇವಲ್ಲ, ಅದು ತಪ್ಪು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕೆರ್ಶಾ ಎಂಬ ಹೆಂಗಸು 1924ರಲ್ಲಿ ತೀರಿಕೊಂಡಳು. ವಯಸ್ಸು 33. ಡಾ. ಕುಕ್ ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಲ್ನಾರಿನ ಚೂರುಗಳನ್ನು ಕಂಡು, ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. 1930ರಲ್ಲಿ ಬ್ರಿಟಿಷ್ ಸರ್ಕಾರದ್ದೇ ವರದಿ ಬಂತು. ನಮ್ಮ ಐಎನ್‌ಎಸ್ ಮೈಸೂರು ಮೊದಲು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ. ಅದು ನೀರಿಗಿಳಿದದ್ದು 1939ರಲ್ಲಿ, ಅಂದರೆ ನೆಲ್ಲಿ ಸತ್ತು 15 ವರ್ಷ ಆದ ಮೇಲೆ. 1957ರಲ್ಲಿ ನಮ್ಮ ನೌಕಾಪಡೆಗೆ ಬಂದು, 1961ರಲ್ಲಿ ಕಾರವಾರದ ಎದುರಿನ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡ ಕಾರ್ಯಾಚರಣೆಯಲ್ಲಿ ಇತ್ತು. 1971ರ ಯುದ್ಧ ಕಂಡಿತು. 1985ರಲ್ಲಿ ನಿವೃತ್ತಿ ಆಯಿತು. ಹಡಗಿಗೆ ಸಿಕ್ಕ ಗೌರವ ಸರಿಯಾದದ್ದೇ. ಅದರ ಹೊಟ್ಟೆಯೊಳಗೆ ನಿಂತು ಉಗಿ ಕಾಯಿಸಿದವರ ಎದೆಯ ಕಥೆಯೂ ಅದರದ್ದೇ ಭಾಗ, ಅಲ್ವಾ?

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರೋಣ. ಇಷ್ಟು ಉದ್ದದ ಎಳೆ ಶ್ವಾಸಕೋಶದ ತಳದವರೆಗೆ ಹೋಗುವುದಾದರೂ ಹೇಗೆ? ನಮ್ಮ ಮೂಗು, ಗಂಟಲು ದೊಡ್ಡ ಧೂಳನ್ನೆಲ್ಲ ಹಿಡಿದುಹಾಕುತ್ತವೆ. ಆದರೆ ಗಾಳಿಯಲ್ಲಿ ತೇಲುವ ಎಳೆಯ ನಡೆ ಅದರ ಉದ್ದಕ್ಕಿಂತ ದಪ್ಪವನ್ನು ಅವಲಂಬಿಸಿದೆ. ತುಂಗಭದ್ರಾ ಕಾಲುವೆಯಲ್ಲಿ ಜೋಳದ ದಂಟು ತೇಲಿ ಬರುವುದನ್ನು ನೋಡಿದ್ದೀರಾ? ನೀರಿನ ಸೆಳೆತಕ್ಕೆ ನೆಟ್ಟಗೆ ತಿರುಗಿಕೊಂಡು, ಸಣ್ಣ ತೂಬಿನಲ್ಲಿ ಸಲೀಸಾಗಿ ನುಸುಳಿಬಿಡುತ್ತದೆ. ಅಷ್ಟೇ ಉದ್ದದ ಉರುಟು ಕಲ್ಲಾಗಿದ್ದರೆ ಮೊದಲ ತಿರುವಿನಲ್ಲೇ ಕೂರುತ್ತಿತ್ತು. ಕಲ್ನಾರೂ ಹೀಗೆಯೇ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್). ಕಲ್ನಾರಿನ ಎಳೆ ಅರ್ಧ ಮೈಕ್ರಾನಿಗೂ ತೆಳುವಾಗಿರಬಹುದು, ಆದರೆ 20, 30 ಮೈಕ್ರಾನ್ ಉದ್ದ. ಬರಿಗಣ್ಣಿಗೆ ಕಾಣುವುದೇ ಇಲ್ಲ. ದೊಡ್ಡಪ್ಪ ಚಾದ ಮೇಲೆ ಅಂಗೈ ಮುಚ್ಚಿದ್ದು ಕಾಣುವ ಪುಡಿಗೆ. ಕಾಣದ್ದು ಉಸಿರಿನ ಜೊತೆ ಒಳಗೆ ಹೋಯಿತು.

ಶ್ವಾಸಕೋಶದ ತಳದ ಪುಟ್ಟ ಗಾಳಿಗೂಡುಗಳಲ್ಲಿ ಕಾವಲು ಕಣಗಳಿವೆ, ಅಂದರೆ ಒಂದು ಬಗೆಯ ಜೀವಕೋಶಗಳು, ಹೆಸರು ಮ್ಯಾಕ್ರೋಫೇಜ್. ಧೂಳು, ಕ್ರಿಮಿ ಏನೇ ಬಂದರೂ ನುಂಗಿ ಅರಗಿಸುವುದು ಅವುಗಳ ಕೆಲಸ. ಅವುಗಳ ಅಗಲ ಸುಮಾರು 15ರಿಂದ 20 ಮೈಕ್ರಾನ್. ಬಂದ ಎಳೆ ಅದಕ್ಕಿಂತ ಉದ್ದ. ಗೋಣಿಚೀಲಕ್ಕೆ ಬಳ್ಳಾರಿ ಜಾಲಿಯ ಕೊಂಬೆ ತುರುಕಿ ನೋಡಿ. ಅರ್ಧ ಒಳಗೆ, ಅರ್ಧ ಹೊರಗೆ. ಚೀಲದ ಬಾಯಿ ಕಟ್ಟಲಾಗುವುದಿಲ್ಲ, ಮುಳ್ಳು ಚೀಲವನ್ನೇ ಹರಿಯುತ್ತದೆ. ತನಗಿಂತ ಉದ್ದದ ಕೋಲು ನುಂಗಲು ಹೋದ ಕಪ್ಪೆಯ ಪಾಡು ಅಂತಲೂ ಅನ್ನಬಹುದು. ಕ್ರಿಮಿಯನ್ನು ಕರಗಿಸಲು ಇಟ್ಟುಕೊಂಡಿದ್ದ ರಸ ಆ ಕಣದಿಂದ ಹೊರಗೆ ಸೋರುತ್ತದೆ. ಸುತ್ತಲಿನ ಮೆತ್ತನೆ ಭಾಗ ಸುಡುತ್ತದೆ. ಕಣ ಸಾಯುತ್ತದೆ, ಎಳೆ ಹಾಗೇ ಉಳಿಯುತ್ತದೆ. ಇನ್ನೊಂದು ಕಾವಲು ಕಣ ಓಡಿಬರುತ್ತದೆ. ಅದಕ್ಕೂ ಅದೇ ಗತಿ. ಕಲ್ಲು ಕರಗುವ ತನಕ ಈ ಜಗಳ ನಿಲ್ಲುವುದಿಲ್ಲ, ನೀಲಿ ಮತ್ತು ಕಂದು ಕಲ್ನಾರಂತೂ ದಶಕಗಟ್ಟಲೆ ಕರಗುವುದೇ ಇಲ್ಲ.

ನಮ್ಮದು ಕಬ್ಬಿಣದ ಜಿಲ್ಲೆ, ಅದಕ್ಕೆ ಇದನ್ನೂ ಹೇಳಬೇಕು. ಸಂಡೂರಿನ ಕೆಂಧೂಳು ಅಂಗಿ, ಗೋಡೆ, ಎತ್ತು ಎಲ್ಲವನ್ನೂ ಕೆಂಪು ಮಾಡುತ್ತದೆ. ಅದರಲ್ಲಿ ಬೆರೆತ ಬೆಣಚುಕಲ್ಲಿನ ಪುಡಿ ಅಪಾಯದ್ದೇ. ಆದರೆ ಅದರೊಳಗಿನ ಕಬ್ಬಿಣದ ಆಕ್ಸೈಡ್ ಉರುಟು ಪುಡಿ, ಕಾವಲು ಕಣ ಅದನ್ನು ನುಂಗಬಲ್ಲದು. ನೀಲಿ, ಕಂದು ಕಲ್ನಾರಿನಲ್ಲೂ ಕಬ್ಬಿಣ ಇದೆ. ಅಲ್ಲಿ ಅದು ಮುಳ್ಳಿನ ತುದಿಗೆ ಕೂತ ಕಿಡಿಯ ಹಾಗೆ. ಜೀವಕೋಶದ ಡಿಎನ್‌ಎಯನ್ನೇ ಕೆಡಿಸುವ ರಾಸಾಯನಿಕಗಳನ್ನು ಹುಟ್ಟಿಸುತ್ತಾ ಕೂರುತ್ತದೆ. ಅದೇ ಕಬ್ಬಿಣ, ಕೂತ ಖನಿಜ, ಅದರ ಆಕಾರ ಬದಲಾದರೆ ಕಥೆಯೇ ಬೇರೆ!

ಈ ಸುಡುವುದು, ಮಾಯುವುದು ವರ್ಷಾನುಗಟ್ಟಲೆ ನಡೆದು ಶ್ವಾಸಕೋಶದಲ್ಲಿ ಗಾಯದ ಕಲೆ ಗಟ್ಟಿಯಾದರೆ ಅದು ಆಸ್ಬೆಸ್ಟೋಸಿಸ್. ಉಬ್ಬಬೇಕಾದ ಜಾಗ ಒಣಗಿದ ತೊಗಲಿನ ಹಾಗೆ ಬಿಗಿಯುತ್ತದೆ. ಕೆಲವು ಎಳೆಗಳು ಶ್ವಾಸಕೋಶವನ್ನೇ ದಾಟಿ, ಅದರ ಹೊರಗಿನ ತೆಳು ಪೊರೆಯ ಹತ್ತಿರ ಹೋಗುತ್ತವೆ. ಅಲ್ಲಿ ನೀರು ಬಸಿಯುವ ಸಣ್ಣ ರಂಧ್ರಗಳಿವೆ. ಗಿಡ್ಡ ಎಳೆ ಬಸಿದು ಹೋಗುತ್ತದೆ, ಉದ್ದನೆಯದು ಅಡ್ಡ ಸಿಕ್ಕಿಕೊಳ್ಳುತ್ತದೆ. ನೆಟ್ಟಗೆ ಒಳಗೆ ಬಂದ ದಂಟು ಹೊರಗೆ ಹೋಗುವ ತೂಬಿಗೆ ಅಡ್ಡ ಬಿದ್ದ ಹಾಗೆ. ಆ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರೇ ಮೀಸೋಥೆಲಿಯೋಮಾ. ಧೂಳು ಕುಡಿದ ದಿನದಿಂದ ಅದು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ಹಾಲಿವುಡ್ ನಟ ಸ್ಟೀವ್ ಮೆಕ್‌ಕ್ವೀನ್ 1940ರ ದಶಕದ ಕೊನೆಗೆ ಅಮೆರಿಕದ ಮರೈನ್ ಪಡೆಯಲ್ಲಿದ್ದಾಗ ಹಡಗಿನ ಕೊಳವೆಗಳ ಲ್ಯಾಗಿಂಗ್ ಕೀಳುವ ಕೆಲಸ ಮಾಡಿದ್ದ. ಅವನಿಗೆ ಇದೇ ಕ್ಯಾನ್ಸರ್ ಬಂತು, 1980ರಲ್ಲಿ ಅದರ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಆದ ಮೇಲೆ ಹೃದಯಾಘಾತದಿಂದ ಸತ್ತ.

ಹಾಗಾಗಿ "40 ವರ್ಷ ಆತು" ಅನ್ನುವುದು ಸಮಾಧಾನದ ಮಾತಲ್ಲ. ಕಾಯಿಲೆ ಕಾಣಿಸಿಕೊಳ್ಳುವ ಹೊತ್ತೇ ಅದು. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕು ಅಂದದ್ದು ಸುಮ್ನೆ ಅಲ್ಲ.

ಬೆಲ್ಲದ ಮಾತು ಮುಗಿಸಿಬಿಡುತ್ತೇನೆ. ಬೆಲ್ಲ ಇಳಿಯುವುದು ಅನ್ನನಾಳದಲ್ಲಿ. ಪೊರೆಗೆ ಚುಚ್ಚಿಕೊಂಡ ಕಲ್ಲನ್ನು ಅದು ಎಳೆದು ತರಲಾರದು. ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ ತಿಂದೆವಲ್ಲ ಅಂತ ಡಾಕ್ಟರ್ ಹತ್ತಿರ ಹೋಗದೆ ಕೂತರೆ ತೊಂದರೆ. ದೊಡ್ಡಪ್ಪ ನಿಜವಾಗಿ ಬಿಡಬೇಕಾದದ್ದು ಬೀಡಿ. ಅಮೆರಿಕದಲ್ಲಿ 1979ರಲ್ಲಿ ಲ್ಯಾಗಿಂಗ್ ಕೆಲಸದವರ ಬಗ್ಗೆ ಒಂದು ಲೆಕ್ಕ ಬಂತು. ಕಲ್ನಾರೂ ಇಲ್ಲ, ಹೊಗೆಯೂ ಇಲ್ಲ ಅನ್ನುವವರಿಗಿಂತ ಶ್ವಾಸಕೋಶದ ಕ್ಯಾನ್ಸರಿನ ಸಾವು ಕಲ್ನಾರು ಮಾತ್ರ ಇದ್ದವರಲ್ಲಿ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಲ್ಲಿ 11 ಪಟ್ಟು, ಎರಡೂ ಇದ್ದವರಲ್ಲಿ 53 ಪಟ್ಟು. ಎರಡೂ ಸೇರಿದಾಗ ಕೂಡುವುದಿಲ್ಲ, ಗುಣಿಸುತ್ತವೆ. ಮೀಸೋಥೆಲಿಯೋಮಾಕ್ಕೆ ಮಾತ್ರ ಬೀಡಿಯ ಸಂಬಂಧ ಇಲ್ಲ, ಬೀಡಿ ಸೇದದವರಿಗೂ ಬರುತ್ತದೆ.

ಇದನ್ನು ಓದಿ ಸಿಮೆಂಟ್ ಶೀಟಿನ ಮನೆಯವರು ಗಾಬರಿ ಬೀಳಬೇಡಿ. ಶೀಟಿನಲ್ಲಿ ಕಲ್ನಾರು ಸಿಮೆಂಟಿನಲ್ಲಿ ಬಿಗಿದು ಕೂತಿರುತ್ತದೆ. ಕೊರೆಯುವಾಗ, ಒಡೆಯುವಾಗ, ಒಣಗಿದ್ದನ್ನು ಕತ್ತರಿಸುವಾಗ ಪುಡಿ ಏಳುತ್ತದೆ. ಆ ಕೆಲಸಗಳನ್ನು ತಪ್ಪಿಸಿ. ತಪ್ಪಿಸಲಾಗದಿದ್ದರೆ ನೀರು ಹಾಕಿ ಚೆನ್ನಾಗಿ ನೆನೆಸಿ.

ಕಳೆದ ತಿಂಗಳು ದೊಡ್ಡಪ್ಪ, ದೊಡ್ಡಮ್ಮ ಇಬ್ಬರನ್ನೂ ಬಳ್ಳಾರಿಗೆ ಕರೆದುಕೊಂಡು ಹೋದೆ. ಟ್ರಂಕಿನ ತಳದಿಂದ ಸರ್ವಿಸ್ ಪುಸ್ತಕ ತೆಗೆದು ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟೆ. ಅವರು ಪುಟ ತಿರುವಿ, "ಬಾಯ್ಲರ್ ರೂಮಾ?" ಅಂದರು. ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ನನ್ನ ಕಿವಿಗೂ ಕೊಟ್ಟರು. ಉಸಿರು ಎಳೆದಾಗಲೆಲ್ಲ ಚಪ್ಪಲಿಯ ವೆಲ್ಕ್ರೋ ಪಟ್ಟಿ ಕೀಳುವಂಥ ಸದ್ದು. ಸಿಟಿ ಸ್ಕ್ಯಾನಿನಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮೇಲೆ ಕರಗಿದ ಮೇಣ ತೊಟ್ಟಿಕ್ಕಿದ ಹಾಗೆ ಬಿಳಿ ಕಲೆಗಳು. "ಇದು ಕ್ಯಾನ್ಸರ್ ಅಲ್ಲ. ಕಲ್ನಾರು ಇಲ್ಲಿಗೆ ಬಂದಿತ್ತು ಅನ್ನೋದಕ್ಕೆ ಗುರುತು. ಶ್ವಾಸಕೋಶ ಸ್ವಲ್ಪ ಬಿಗಿದಿದೆ, ಅದು ಆಸ್ಬೆಸ್ಟೋಸಿಸ್. ಹಿಂದಕ್ಕೆ ಹೋಗಲ್ಲ, ಆದರೆ ನಾವು ಕಣ್ಣಿಟ್ಟಿರಬೇಕು" ಅಂದರು. ನ್ಯುಮೋನಿಯಾ, ಫ್ಲೂ ಲಸಿಕೆ ಬರೆದರು. ಬೀಡಿ ಇವತ್ತೇ ಕೊನೆ ಅಂದರು. ದೊಡ್ಡಪ್ಪ ತಲೆ ಆಡಿಸಿದರು.

ಆಮೇಲೆ ಡಾಕ್ಟರಮ್ಮ ಬಾಗಿಲ ಪಕ್ಕ ಕೂತಿದ್ದ ದೊಡ್ಡಮ್ಮನ ಕಡೆ ತಿರುಗಿದರು. "ಅಮ್ಮಾ, ಇವರು ಸರ್ವಿಸಿನಲ್ಲಿದ್ದಾಗ ನೀವೂ ಮುಂಬೈಯಲ್ಲಿ ಇದ್ರಾ?"

"ಹೂನ್ರೀ, 9 ವರ್ಷ."

"ಇವರ ಕೆಲಸದ ಬಟ್ಟೆ ಯಾರು ಒಗೀತಿದ್ರು?"

"ನಾನೇ ರೀ. ಒಗೆಯಾಕ ಮೊದ್ಲು ಬಾಗಿಲ ಹೊರಗ ನಿಂತು ಜಾಡಿಸ್ತಿದ್ದೆ. ಬರೇ ಬಿಳೇ ಪುಡಿ."

ಡಾಕ್ಟರಮ್ಮ ಇನ್ನೊಂದು ಚೀಟಿ ತಗೊಂಡು ದೊಡ್ಡಮ್ಮನ ಹೆಸರು, ವಯಸ್ಸು ಕೇಳಿದರು.