ಅನ್ನ ಬಿಟ್ಟು ಮುದ್ದೆ ಹಿಡಿದರೂ ಶುಗರ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಶುಗರ್ ಇದೆ ಎಂದು ಗೊತ್ತಾದ ಮೇಲೆ ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ರಾಗಿ ಮುದ್ದೆಯನ್ನೇ ಊಟ ಮಾಡುತ್ತಿದ್ದಾರೆ. ಬೆಳಿಗ್ಗೆ ಸಕ್ಕರೆ ಬದಲು ಬೆಲ್ಲ ಹಾಕಿದ ರಾಗಿ ಮಾಲ್ಟ್. ಮಾತ್ರೆಯೂ ನಡೆಯುತ್ತಿದೆ. ಆದರೂ ಊಟದ ನಂತರದ ಶುಗರ್ 230ರ ಕೆಳಗೆ ಬರುತ್ತಿಲ್ಲ. ರಾಗಿ ಒಳ್ಳೆಯದಲ್ಲವೇ?

ಉತ್ತರ: ರಾಗಿ ಒಳ್ಳೆಯದೇ, ಅದರಲ್ಲಿ ಅನುಮಾನ ಬೇಡ. ಆದರೆ ಅದೂ ಅಕ್ಕಿಯ ಹಾಗೆ ಪಿಷ್ಟವೇ ಹೆಚ್ಚಿರುವ ಧಾನ್ಯ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇರುತ್ತದೆ. ನಾರಿನ ಲೆಕ್ಕದಲ್ಲಿ ರಾಗಿ ಬಹಳ ಮುಂದೆ: ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ ಸುಮಾರು 11 ಗ್ರಾಂ. ಈ ಅನುಕೂಲ ನಿಜ. ಆದರೆ ಮುದ್ದೆಯ ಗಾತ್ರ ದೊಡ್ಡದಾದರೆ ಅದು ಕೈಗೆ ಸಿಗುವುದಿಲ್ಲ.

ಮನೆಯಲ್ಲಿ ಒಂದು ದಿನ ಮುದ್ದೆಯನ್ನು ತೂಗಿ ನೋಡಿ. ಮಿಲಿಟರಿ ಹೋಟೆಲಿನ ಅಳತೆಯದು 300 ಗ್ರಾಂ ತೂಗಿದರೆ ಅದರೊಳಗೆ ಹೆಚ್ಚುಕಡಿಮೆ 100 ಗ್ರಾಂ ಹಿಟ್ಟಿರುತ್ತದೆ, ಅಂದರೆ 67 ಗ್ರಾಂ ಕಾರ್ಬೋಹೈಡ್ರೇಟ್. ಅನ್ನದಲ್ಲಿ ಅಷ್ಟು ಬರಬೇಕಾದರೆ 240 ಗ್ರಾಂ ಅನ್ನ ಬಡಿಸಬೇಕು. ಅಷ್ಟು ಅನ್ನ ತಟ್ಟೆಯಲ್ಲಿ ರಾಶಿಯಾಗಿ ಕಂಡು ನಾವೇ ಕೈ ತಡೆಯುತ್ತೇವೆ. ಮುದ್ದೆ ಉಂಡೆಯಾಗಿ ಕೂತಿರುವುದರಿಂದ ಕಣ್ಣಿಗೆ ಕಡಿಮೆ ಅನಿಸುತ್ತದೆ. ಅದರ ಮೇಲೆ ‘ಒಂದು ಹಿಡಿ ಅನ್ನ ಇಲ್ಲದೆ ಊಟ ಮುಗಿಯುವುದಿಲ್ಲ’ ಎಂದು ಸಾರಿನನ್ನ, ಮಜ್ಜಿಗೆಯನ್ನ ಬಡಿಸುವ ಮನೆಗಳೇ ಹೆಚ್ಚು. ಮುದ್ದೆ ಮೆತ್ತಗಿರಲಿ ಎಂದು ಎಸರಿಗೆ ಅಕ್ಕಿ ನುಚ್ಚನ್ನೋ ಮಿಕ್ಕ ಅನ್ನವನ್ನೋ ಹಾಕುವುದೂ ಉಂಟು. ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದು ಅಡುಗೆ ಮಾಡುವವರನ್ನೇ ಕೇಳಿ. ಊಟಕ್ಕೆ ಕೂತವರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಇನ್ನೊಂದು ಕಾರಣ ಹಿಟ್ಟಿನ ನುಣುಪು. ಧಾನ್ಯ ನುಣ್ಣಗಾದಷ್ಟೂ, ಚೆನ್ನಾಗಿ ಬೆಂದಷ್ಟೂ ಪಿಷ್ಟ ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟವೂ ಬೇಗ ಮುಗಿಯುತ್ತದೆ, ಹೊಟ್ಟೆ ತುಂಬಿದ್ದು ತಡವಾಗಿ ತಿಳಿಯುತ್ತದೆ. ರಾಗಿಯನ್ನು ಗಿರಣಿಯಲ್ಲಿ ತುಸು ತರಿಯಾಗಿ ಬೀಸಿಸಿ, ಜರಡಿ ಹಿಡಿಯಬೇಡಿ.

ಮೊದಲು ನಿಲ್ಲಿಸಬೇಕಾದ್ದು ಬೆಳಗಿನ ಮಾಲ್ಟ್. 30 ಗ್ರಾಂ ಹಿಟ್ಟಿನಲ್ಲಿ 20 ಗ್ರಾಂ ಕಾರ್ಬೋಹೈಡ್ರೇಟ್, 25 ಗ್ರಾಂ ಬೆಲ್ಲದಲ್ಲಿ ಇನ್ನೂ 20 ಗ್ರಾಂಗಿಂತ ಹೆಚ್ಚು. ಎಲ್ಲವೂ ಕುಡಿಯುವ ರೂಪದಲ್ಲಿ, ಖಾಲಿ ಹೊಟ್ಟೆಗೆ. ಮೊಳಕೆ ಕಟ್ಟಿದ ರಾಗಿಯ ಹುಡಿಯಾದರೆ ಅದರ ಪಿಷ್ಟದ ಒಂದು ಪಾಲು ಮೊಳಕೆಯಲ್ಲೇ ಸಕ್ಕರೆಯಾಗಿ ಒಡೆದಿರುತ್ತದೆ. ಬೆಲ್ಲ, ಜೇನುತುಪ್ಪ ಎರಡೂ ಶುಗರ್ ಏರಿಸುವುದರಲ್ಲಿ ಸಕ್ಕರೆಯ ಹಾದಿಯಲ್ಲೇ ನಡೆಯುತ್ತವೆ. ಬೆಳಿಗ್ಗೆ ಎರಡು ಹೆಸರುಬೇಳೆ ದೋಸೆ ಮತ್ತು ಚಟ್ನಿ, ಅಥವಾ ಒಂದು ಬಟ್ಟಲು ತುಂಬ ಸಾಂಬಾರಿನ ಜೊತೆ ಎರಡೇ ಇಡ್ಲಿ ಮತ್ತು ಒಂದು ಬೇಯಿಸಿದ ಮೊಟ್ಟೆ ಸಾಕು. ದರ್ಶಿನಿಯಲ್ಲಿ ತಿನ್ನುವ ದಿನ ಚೌಚೌ ಬಾತ್ ಬೇಡ. ಕಾಫಿಗೆ ಸಕ್ಕರೆ ಹಾಕಬೇಡಿ ಎಂದು ಮೊದಲೇ ಹೇಳಿ.

ಇನ್ನು ಮುದ್ದೆ. ಒಬ್ಬರಿಗೆ 50 ಗ್ರಾಂ ಹಿಟ್ಟಿನಿಂದ ಶುರು ಮಾಡಿ. ಅಷ್ಟು ಕಡಿಮೆ ಹಿಟ್ಟನ್ನು ಸರಿಯಾಗಿ ತಿರುವಲು ಆಗುವುದಿಲ್ಲ, ಗಂಟಾಗುತ್ತದೆ. ಆದ್ದರಿಂದ ಮನೆಯವರೆಲ್ಲರಿಗೂ ಸೇರಿಸಿಯೇ ಮಾಡಿ. ಅರ್ಧ ಲೀಟರ್ ನೀರು ಕುದಿಸಿ, 200 ಗ್ರಾಂ ಹಿಟ್ಟು ಸುರಿದು, ಕಲಸದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ತಿರುವಿ ನಾಲ್ಕು ಮುದ್ದೆ ಕಟ್ಟಿ. ಒಂದೊಂದೂ ಮಧ್ಯಮ ಕಿತ್ತಳೆಯಷ್ಟು ಆಗುತ್ತದೆ, ಸುಮಾರು 33 ಗ್ರಾಂ ಕಾರ್ಬೋಹೈಡ್ರೇಟ್. ಅದರ ನಂತರ ಅನ್ನವಿಲ್ಲ. ಒಂದು ದಿನ ಅನ್ನವೇ ಬೇಕೆನಿಸಿದರೆ ಮುದ್ದೆ ಬಿಟ್ಟು 120 ಗ್ರಾಂ ಅನ್ನ ಊಟ ಮಾಡಲಿ, ಲೆಕ್ಕ ಸರಿಹೋಗುತ್ತದೆ.

ಇಷ್ಟು ಚಿಕ್ಕ ಮುದ್ದೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬ ಆತಂಕ ಸಹಜ. ಅದಕ್ಕೆ ಉತ್ತರ ನಮ್ಮ ಅಡುಗೆಯಲ್ಲೇ ಇದೆ, ಬಸ್ಸಾರು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ತೊಂದರೆ ಏನೆಂದರೆ ನಾವು ಸಾರನ್ನು ಧಾರಾಳವಾಗಿ ಬಿಟ್ಟುಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ಒಂದು ಚಮಚ ಬಡಿಸುತ್ತೇವೆ. ಇದನ್ನು ತಿರುಗಿಸಿ. ತಲಾ 30–40 ಗ್ರಾಂ ಹುರುಳಿಕಾಳು, ಹೆಸರುಕಾಳು ಅಥವಾ ಅಲಸಂದೆ. ಬಿಡಿಸಿದ ದಂಟು, ಹರಿವೆ ಅಥವಾ ಸಬ್ಬಸಿಗೆ ಸೊಪ್ಪು 150 ಗ್ರಾಂ. ಆ ಪಲ್ಯವನ್ನು ಬಟ್ಟಲು ತುಂಬ ಕೊಟ್ಟು, ಜೊತೆಗೆ ಸೌತೆಕಾಯಿ ಕೋಸಂಬರಿ ಇಟ್ಟು, ಮೊದಲು ಅದನ್ನೇ ಅಗಿದು ತಿನ್ನಲಿ. ಹತ್ತು ನಿಮಿಷ ಬಿಟ್ಟು ಮುದ್ದೆ. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಹೊಟ್ಟೆಯಿಂದ ಪಿಷ್ಟ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ, ಊಟದ ನಂತರದ ಏರಿಕೆ ತಗ್ಗುತ್ತದೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರನ್ನೂ ಹೀಗೆಯೇ, ಬೇಳೆ ಹೆಚ್ಚಾಗಿ ಬಡಿಸಿ. ಅದಕ್ಕೆ ಆಲೂಗಡ್ಡೆ ಸೇರಿಸಬೇಡಿ. ಊಟವಾದ ಮೇಲೆ 15 ನಿಮಿಷ ನಡೆದಾಡಲಿ, ಮನೆಯ ತಾರಸಿಯಲ್ಲಾದರೂ ಸರಿ.

ಫಲ ಕಂಡಿತೇ ಎಂದು ತಿಳಿಯಲು ಗ್ಲೂಕೋಮೀಟರ್ ಬೇಕು. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡಿರಬೇಕು. ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಅಂಕಿ ಸುಳ್ಳಾಗಿ ಏರುತ್ತದೆ. ಮೂರು ದಿನ ಮುದ್ದೆ, ಮೂರು ದಿನ ಅಳೆದ ಅನ್ನ, ಉಳಿದದ್ದೆಲ್ಲ ಒಂದೇ ರೀತಿ ಇಟ್ಟು ಬರೆದಿಡಿ. ತಂದೆಯವರಿಗೆ ಯಾವುದು ಹೊಂದುತ್ತದೆ ಎಂಬುದು ಆ ಹಾಳೆಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಊಟದ ಎರಡು ಗಂಟೆಯ ನಂತರ 180ರ ಒಳಗಿರಬೇಕು. ವಯಸ್ಸು, ಬೇರೆ ಕಾಯಿಲೆ ನೋಡಿ ವೈದ್ಯರು ಇದನ್ನು ಬದಲಿಸಬಹುದು.

ಮುದ್ದೆ ಚಿಕ್ಕದು ಮಾಡುವ ಮುನ್ನ ಮಾತ್ರೆ ಚೀಟಿಯನ್ನು ಒಮ್ಮೆ ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದರೆ ಊಟ ಅರ್ಧಕ್ಕೆ ಇಳಿಸಿದಾಗ ಶುಗರ್ ಅಪಾಯದಷ್ಟು ಕೆಳಗೆ ಹೋಗಬಹುದು. ಡೋಸ್ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಬೆವರು, ನಡುಕ, ತಲೆಸುತ್ತು ಬಂದು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆ ಇದ್ದರೆ ಧಾನ್ಯವನ್ನು ಪೂರ್ತಿ ಬಿಡುವ ಸಾಹಸ ಬೇಡ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಅಪಾಯವಿದೆ. ಕಿಡ್ನಿ ತೊಂದರೆ ಇರುವವರಿಗೆ ಮೇಲೆ ಹೇಳಿದ ಕಾಳು, ಸೊಪ್ಪಿನ ಅಳತೆಯೂ ಬೇರೆಯಾಗುತ್ತದೆ.

ಮೂರು ವಾರ ಹೀಗೆ ನಡೆದರೂ 200ರ ಮೇಲೇ ಇದ್ದರೆ ತಂದೆಯವರ ಊಟವನ್ನು ಇನ್ನಷ್ಟು ಕಡಿಮೆ ಮಾಡಬೇಡಿ, ಅವರನ್ನು ದೂರಲೂ ಬೇಡಿ. ವರ್ಷಗಳು ಕಳೆದಂತೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ, ಆಗ ಔಷಧಿಯೇ ಬದಲಾಗಬೇಕು. ಬರೆದಿಟ್ಟ ಆ ಹಾಳೆಯನ್ನು ವೈದ್ಯರ ಮುಂದಿಡಿ, ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಮೂರು ತಿಂಗಳಾಗಿದ್ದರೆ ಅದನ್ನೂ ಮತ್ತೆ ಮಾಡಿಸಿ.