ಗೊತ್ತಿರುವ ಹಾಡೇ ಯಾಕೆ ಮತ್ತೆ ಅಳಿಸುತ್ತದೆ?

ವಿರಹದ ಹಾಡಿನ ಕವರ್ (ಬೇರೆಯವರು ಮೊದಲೇ ಹಾಡಿದ್ದನ್ನು ಮತ್ತೆ ಹಾಡುವುದು) ಮಾಡಲು ಸ್ಟುಡಿಯೋಗೆ ಬರುವ ಗಾಯಕರು ಸಾಮಾನ್ಯವಾಗಿ ಮೊದಲು ಕೇಳುವುದು, 'ಸರ್, ಇದಕ್ಕೆ ಇನ್ನೇನು ಸೇರಿಸೋಣ?' ಅಂತ. ವಯಲಿನ್ ಹಾಕೋಣವಾ, ಕೋರಸ್ ಇರಲಾ? ನಾನು ಹೇಳುವುದು ಒಂದೇ: ಮೊದಲು ಏನನ್ನು ತೆಗೆಯಬಹುದು ನೋಡೋಣ.

ಕವರ್ ಕೇಳುವವರಿಗೆ ಹಾಡು ಮೊದಲೇ ಗೊತ್ತಿರುತ್ತದೆ. ಡ್ರಮ್ಸ್ ಎಲ್ಲಿ ಶುರುವಾಗುತ್ತದೆ, ದನಿ ಎಲ್ಲಿ ಮೇಲೇರುತ್ತದೆ, ಎಲ್ಲವೂ ಮನಸ್ಸಿನೊಳಗೆ ಓಡುತ್ತಲೇ ಇರುತ್ತದೆ. ಆ ಜಾಗ ಬಂದಾಗ ಡ್ರಮ್ಸ್ ಬಾರದೇ ಹೋದರೆ ಕಿವಿ ಒಂದು ಕ್ಷಣ ಕಾಯುತ್ತದೆ. ಇರಬೇಕಾದದ್ದು ಇಲ್ಲ ಅನ್ನುವುದು ಸಾಹಿತ್ಯಕ್ಕಿಂತ ಮೊದಲೇ ತಟ್ಟಿಬಿಡುತ್ತದೆ. ಅಗಲಿಕೆಯ ಹಾಡಿಗೆ ಇದಕ್ಕಿಂತ ಇನ್ನೇನು ಬೇಕು? ಮೊದಲು ಹಾಡಿದವರಿಗೆ ಈ ಅನುಕೂಲ ಇರಲಿಲ್ಲ.

ಮೂಲವನ್ನೇ ಕೇಳಿರದವರೂ ಕವರ್ ಕೇಳಿ ಅಳುತ್ತಾರಲ್ವಾ? ಹೌದು. 'ನಥಿಂಗ್ ಕಂಪೇರ್ಸ್ ಟು ಯೂ' ಅಮೆರಿಕದ ಗಾಯಕ ಪ್ರಿನ್ಸ್ ಬರೆದ ಹಾಡು. 1985ರಲ್ಲಿ 'ದಿ ಫ್ಯಾಮಿಲಿ' ತಂಡದ ಆಲ್ಬಮ್‌ನಲ್ಲಿ ಬಂದಾಗ ಹೆಚ್ಚು ಜನ ಗಮನಿಸಲಿಲ್ಲ. 1990ರಲ್ಲಿ ಐರ್ಲೆಂಡಿನ ಶಿನೇಡ್ ಓಕಾನರ್ ಹಾಡಿದ್ದೇ ತಡ, ಎಲ್ಲೆಲ್ಲೂ ಅದೇ ಹಾಡು. ಅಮ್ಮ ಹಿತ್ತಲಲ್ಲಿ ನೆಟ್ಟ ಹೂಗಳ ಬಗ್ಗೆ ಒಂದು ಸಾಲು ಅದರಲ್ಲಿದೆ. ವಿಡಿಯೋದಲ್ಲಿ ಆ ಸಾಲಿಗೆ ಬಂದಾಗ ಆಕೆಯ ಕಣ್ಣು ತುಂಬುತ್ತದೆ. ತೀರಿಹೋದ ತನ್ನ ತಾಯಿ ನೆನಪಾದರು ಎಂದು ಆಕೆಯೇ ಹೇಳಿದ್ದಾರೆ. ಪ್ರೇಮಿಗೆಂದು ಬರೆದಂತಿದ್ದ ಮಾತು ಅಲ್ಲಿ ತಾಯಿಗೆ ಸಂದಿತು. ಅದಕ್ಕೇ ಗಾಯಕರನ್ನು ಕೇಳುತ್ತೇನೆ: ಇದನ್ನು ಯಾರಿಗೆ ಹಾಡುತ್ತಿದ್ದೀರಿ? ಉತ್ತರ ನನಗೆ ಹೇಳಬೇಕಿಲ್ಲ, ಅವರಿಗೆ ಗೊತ್ತಿದ್ದರೆ ಸಾಕು.

ರಾಗ ಮುಟ್ಟದೆಯೂ ಭಾವ ಬದಲಿಸಬಹುದು. ಇದು ನನಗೆ ಬಹಳ ಇಷ್ಟದ ಕೆಲಸ. ಪಲ್ಲವಿಯ ಕೊನೆಯಲ್ಲಿ ಗಾಯಕಿ ಸಿ ಸ್ವರವನ್ನು ಎಳೆದು ಹಿಡಿದಿದ್ದಾರೆ ಅಂದುಕೊಳ್ಳಿ. ಕೆಳಗೆ ಕೀಬೋರ್ಡಿನಲ್ಲಿ ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇದ್ದರೆ ಮನೆ ಸೇರಿದ ಹಾಗೆ ಕೇಳಿಸುತ್ತದೆ. ಅದೇ ದನಿಯ ಕೆಳಗೆ ಎ ಮೈನರ್ ಒತ್ತಿ. ಗಾಯಕಿ ಏನೂ ಬದಲಿಸಿಲ್ಲ, ಆದರೂ ಸಮಾಧಾನ ಹೋಗಿ ಕೊರಗು ಬಂದಿರುತ್ತದೆ. ಕಾರ್ಡನ್ನು ಅರ್ಧ ಬೀಟ್ ತಡವಾಗಿ ಒತ್ತಿದರೆ ಇನ್ನೂ ಜಾಸ್ತಿ. ಹಾಡಿಗೊಮ್ಮೆ ಮಾಡಿ, ಸಾಕು. ಸಾಲು ಸಾಲಿಗೂ ಮಾಡಿದರೆ ಕೇಳುಗರು ಹಾಡು ಬಿಟ್ಟು ಕೀಬೋರ್ಡ್ ಕೇಳಲು ಶುರು ಮಾಡುತ್ತಾರೆ.

ಇನ್ನು ಮೈಕ್. ಒಂದೇ ದಿಕ್ಕಿನ ದನಿ ಹಿಡಿಯುವ ಮೈಕಿಗೆ ಹತ್ತಿರ ಹೋದಷ್ಟೂ ದನಿಯ ಕೆಳಭಾಗ ತುಂಬಿಕೊಳ್ಳುತ್ತದೆ. ಮೆಲ್ಲಗೆ ಹಾಡಿದ್ದನ್ನು ಕಂಪ್ರೆಸರ್ (ದನಿಯ ಏರಿಳಿತದ ಅಂತರ ಕಡಿಮೆ ಮಾಡುವ ಸಾಧನ) ಮುಂದಕ್ಕೆ ತರುತ್ತದೆ, ಉಸಿರೂ ಕೇಳುತ್ತದೆ. ರಿವರ್ಬ್, ಅಂದರೆ ಕೋಣೆಯಲ್ಲಿ ಮೊಳಗುವಂಥ ಅನುರಣನ, ಕಡಿಮೆ ಮಾಡಿದರೆ ಹಾಡುವವರು ಪಕ್ಕದಲ್ಲೇ ಕೂತಂತಿರುತ್ತದೆ. ಎಡಿಟ್ ಮಾಡುವಾಗ ಸಾಲಿನ ಮುಂಚಿನ ಉಸಿರನ್ನು ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಹೇಳಲೋ ಬೇಡವೋ ಎಂಬ ಅಳುಕು ಇರುವುದೇ ಆ ಉಸಿರಿನಲ್ಲಿ. ಶ್ರುತಿ ಕೂದಲೆಳೆಯಷ್ಟು ಕೆಳಗಿದ್ದರೆ ಅದನ್ನೂ ಸಾಫ್ಟ್‌ವೇರ್‌ನಲ್ಲಿ ಸರಿಮಾಡಲು ಹೋಗಬೇಡಿ. ಆದರೆ ಬೇಕೆಂದೇ ಬಿಕ್ಕುತ್ತಾ ಹಾಡುವುದು ಬೇರೆ. ಅದು ಮೈಕಿನಲ್ಲಿ ತಕ್ಷಣ ಗೊತ್ತಾಗುತ್ತದೆ.

ಹಾಗಂತ ಸುಮ್ನೆ ನಿಧಾನ ಮಾಡಿ ಪಿಯಾನೊ ಇಟ್ಟರೆ ಒಳ್ಳೆಯ ಕವರ್ ಆಗುವುದಿಲ್ಲ. ಅಮೆರಿಕದ ಗಾಯಕಿ ಡಾಲಿ ಪಾರ್ಟನ್ 1974ರಲ್ಲಿ ಹೊರತಂದ 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡಿದ್ದು ಮೆಲ್ಲಗೆ, ತನ್ನ ಜೊತೆ ಕೆಲಸ ಮಾಡಿದ ಪೋರ್ಟರ್ ವ್ಯಾಗನರ್ ಅವರಿಗೆ ವಿದಾಯವಾಗಿ. 1992ರಲ್ಲಿ ವಿಟ್ನಿ ಹೂಸ್ಟನ್ ಅದನ್ನು ಆಕಾಶಕ್ಕೇರಿಸಿದರು. ಆದರೆ ಶುರು ಕೇಳಿ: ಒಂದು ವಾದ್ಯವೂ ಇಲ್ಲ, ಬರೀ ದನಿ. ಕೊನೆಯಲ್ಲಿ ಮೌನ, ಡ್ರಮ್ಮಿನ ಒಂದು ಪೆಟ್ಟು, ಆಮೇಲೆ ಶ್ರುತಿ ಏರುತ್ತದೆ. ಮೊದಲು ಅಷ್ಟು ಖಾಲಿ ಬಿಟ್ಟಿರದಿದ್ದರೆ ಆ ಏರಿಕೆ ಬರೀ ಗಟ್ಟಿ ದನಿಯಾಗಿ ಕೇಳಿಸುತ್ತಿತ್ತು.