ಆಕ್ಷೇಪಣೆ ಬಂದ ಪುಸ್ತಕ ಕಪಾಟಿನಲ್ಲೇ ಉಳಿಯಬೇಕಾದರೆ

ಅಮೆರಿಕದ ಶಾಲೆಯೊಂದರ ಲೈಬ್ರರಿಯಿಂದ ಮಕ್ಕಳ ಪುಸ್ತಕ ಮಾಯವಾಗಲು ದೊಡ್ಡ ಗಲಾಟೆಯೇನೂ ಬೇಕಿಲ್ಲ. ಪ್ರಿನ್ಸಿಪಾಲರಿಗೆ ಒಂದು ಇ-ಮೇಲ್ ಬರುತ್ತದೆ, ಜೊತೆಗೆ ಒಂದೇ ಒಂದು ಪುಟದ ಫೋಟೊ. ‘ಸದ್ಯಕ್ಕೆ ಒಳಗಿಟ್ಟಿರಿ, ನೋಡೋಣ’ ಎಂಬ ಮಾತು ಲೈಬ್ರರಿಯನ್ನರ ತನಕ ತಲುಪುತ್ತದೆ. ಪುಸ್ತಕ ಡ್ರಾಯರ್ ಸೇರುತ್ತದೆ. ಅರ್ಜಿಯಿಲ್ಲ, ಸಮಿತಿಯಿಲ್ಲ, ಯಾರೂ ಪೂರ್ತಿ ಓದಿಲ್ಲ. ವರ್ಷ ಕಳೆದ ಮೇಲೆ ಹಳೆಯ ಪುಸ್ತಕಗಳನ್ನು ತೆಗೆಯುವಾಗ ಅದೂ ಪೆಟ್ಟಿಗೆಗೆ ಹೋಗುತ್ತದೆ. ಶಾಲೆಗಳನ್ನು ನಡೆಸುವ, ಮತ ಹಾಕಿ ಆರಿಸಿದ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಸೋತ ಪುಸ್ತಕದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಡ್ರಾಯರಿನಲ್ಲಿ ಸತ್ತದ್ದರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 2024ರಲ್ಲಿ ದಾಖಲಿಸಿದ ಆಕ್ಷೇಪಣೆಯ ಪ್ರಕರಣಗಳು 821, ಅವುಗಳಲ್ಲಿ ಸಿಕ್ಕಿಕೊಂಡ ಶೀರ್ಷಿಕೆಗಳು 2,452. ಶಾಲೆಗಳದ್ದರ ಜೊತೆ ಸಾರ್ವಜನಿಕ ಗ್ರಂಥಾಲಯಗಳದ್ದೂ ಇದರಲ್ಲಿ ಸೇರಿದೆ. ಪೋಷಕರಿಂದ ಬಂದದ್ದು ಶೇ. 16 ಮಾತ್ರ. ಶೇ. 72ರಷ್ಟು ಬಂದದ್ದು ಒತ್ತಡ ಗುಂಪುಗಳು, ಬೋರ್ಡ್ ಸದಸ್ಯರು ಮತ್ತು ಅಧಿಕಾರದಲ್ಲಿರುವವರಿಂದ. ಅಂದರೆ ಒಂದೇ ಪಟ್ಟಿ ಊರೂರು ಸುತ್ತುತ್ತಿರುತ್ತದೆ. ಹೀಗೆ ಪಟ್ಟಿ ಹಿಡಿದು ಬರುವವರಿಗೂ, ಮಗಳ ಬ್ಯಾಗಿನಲ್ಲಿ ಸಿಕ್ಕ ಪುಸ್ತಕ ನೋಡಿ ಗಾಬರಿಯಾಗಿ ಬಂದ ತಾಯಿಗೂ ಒಂದೇ ಬಗೆಯ ಉತ್ತರ ಕೊಡಬಾರದು.

ನೀವು ಲೈಬ್ರರಿಯನ್ ಆಗಿದ್ದರೆ, ಆ ತಾಯಿಯ ಮಾತನ್ನು ಮೊದಲು ಪೂರ್ತಿ ಕೇಳಬೇಕು. ಪುಸ್ತಕವನ್ನು ಸಮರ್ಥಿಸಲು ಅಲ್ಲೇ ಶುರು ಮಾಡಬೇಡಿ, ತೆಗೆಯುತ್ತೇವೆಂದು ಮಾತೂ ಕೊಡಬೇಡಿ. ‘ನಿಮ್ಮ ಮಗುವಿಗೆ ಈ ಪುಸ್ತಕ ಬೇಡವೆಂದರೆ ಅವಳ ಖಾತೆಯಲ್ಲಿ ಗುರುತು ಹಾಕುತ್ತೇವೆ’ ಎನ್ನಬಹುದು. ಅದು ಅವರ ಹಕ್ಕು. ಬೇರೆ ಮಕ್ಕಳ ಪರವಾಗಿ ತೀರ್ಮಾನಿಸುವ ಹಕ್ಕು ಅದರಲ್ಲಿ ಸೇರುವುದಿಲ್ಲ. ಎಷ್ಟೋ ದೂರುಗಳು ಈ ಮಾತುಕತೆಯಲ್ಲೇ ಮುಗಿದುಹೋಗುತ್ತವೆ. ಮುಗಿದರೂ ದಿನಾಂಕ ಹಾಕಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ.

ಮುಗಿಯದಿದ್ದರೆ ಮರುಪರಿಶೀಲನೆಯ ಅರ್ಜಿಯ ಫಾರಂ ದೂರುದಾರರಿಗೆ ಕೊಡಿ. ಒಂದು ಪುಸ್ತಕಕ್ಕೆ ಒಂದು ಅರ್ಜಿ. ಐವತ್ತು ಹೆಸರಿನ ಪಟ್ಟಿಯನ್ನು ಅರ್ಜಿಯೆಂದು ಒಪ್ಪಿಕೊಳ್ಳಬೇಡಿ. ಪುಸ್ತಕವನ್ನು ಪೂರ್ತಿ ಓದಿದ್ದೀರಾ, ಯಾವ ಪುಟದ ಬಗ್ಗೆ ಆಕ್ಷೇಪ, ಏನು ಮಾಡಬೇಕೆಂದು ಕೇಳುತ್ತಿದ್ದೀರಿ ಎಂಬ ಪ್ರಶ್ನೆಗಳು ಅದರಲ್ಲಿರಬೇಕು. ಫಾರಂ ಇರುವುದು ಅಡ್ಡಿ ಮಾಡಲಿಕ್ಕಲ್ಲ, ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ ಎಂದು. 2023ರಲ್ಲಿ ಫ್ಲೋರಿಡಾದ ಮಯಾಮಿ ಲೇಕ್ಸ್‌ನಲ್ಲಿ, ಬೈಡನ್ ಅವರ ಪ್ರಮಾಣವಚನದ ದಿನ ಅಮಾಂಡಾ ಗೋರ್ಮನ್ ಓದಿದ ಕವನದ ಪುಸ್ತಕದ ಮೇಲೆ ಒಬ್ಬ ಪೋಷಕರಿಂದ ದೂರು ಬಂತು. ಅರ್ಜಿಯಲ್ಲಿ ಕವಿಯ ಹೆಸರಿರಬೇಕಾದ ಕಡೆ ಮುನ್ನುಡಿ ಬರೆದ ಓಪ್ರಾ ವಿನ್‌ಫ್ರೀ ಹೆಸರಿತ್ತು. ಅಷ್ಟಾದರೂ ಪುಸ್ತಕ ಮಿಡ್ಲ್ ಸ್ಕೂಲ್ ಮಕ್ಕಳ ವಿಭಾಗಕ್ಕೆ ಹೋಯಿತು, ಚಿಕ್ಕ ಮಕ್ಕಳ ಕೈಗೆ ಸಿಗದಂತಾಯಿತು.

ವಿಚಾರಣೆ ಮುಗಿಯುವವರೆಗೆ ಪುಸ್ತಕ ಕಪಾಟಿನಲ್ಲೇ ಇರಬೇಕು ಎಂಬ ಸಾಲು ಶಾಲಾ ಜಿಲ್ಲೆಯ, ಅಂದರೆ ಒಂದು ಬೋರ್ಡಿನ ಕೆಳಗಿನ ಶಾಲೆಗಳ, ಲಿಖಿತ ನೀತಿಯಲ್ಲಿ ಇದೆಯೇ ಎಂದು ದೂರು ಬರುವ ಮೊದಲೇ ನೋಡಿ. ಇಲ್ಲದಿದ್ದರೆ ಶಾಂತವಾಗಿರುವ ವರ್ಷದಲ್ಲಿ ಸೇರಿಸಿಸಿ. ಗಲಾಟೆ ಶುರುವಾದ ಮೇಲೆ ನೀತಿ ತಿದ್ದಲು ಹೊರಟರೆ ಯಾರೂ ನಂಬುವುದಿಲ್ಲ. ಆದರೆ ರಾಜ್ಯದ ಕಾನೂನು ನೀತಿಗಿಂತ ಮೇಲೆ. ಫ್ಲೋರಿಡಾದ 2023ರ ಕಾನೂನಿನಂತೆ ಲೈಂಗಿಕ ವಿಷಯವಿದೆ ಎಂದು ಆಕ್ಷೇಪಿಸಿದ ಪುಸ್ತಕವನ್ನು ಶಾಲೆ ನಡೆಯುವ ಐದು ದಿನಗಳೊಳಗೆ ತೆಗೆದು, ತೀರ್ಮಾನವಾಗುವ ತನಕ ಹೊರಗಿಡಬೇಕು. ಅಲ್ಲಿ ಪುಸ್ತಕದ ಪರವಾಗಿ ಮಾಡಬಹುದಾದ ಕೆಲಸ ಒಂದೇ: ಸಮಿತಿ ಬೇಗ ಸೇರುವಂತೆ ನೋಡಿಕೊಳ್ಳುವುದು. ನ್ಯೂಜೆರ್ಸಿ ಇದಕ್ಕೆ ತಿರುಗಾಮುರುಗಾ. 2024ರ ಡಿಸೆಂಬರ್‌ನಲ್ಲಿ ಸಹಿ ಬಿದ್ದ ಫ್ರೀಡಂ ಟು ರೀಡ್ ಕಾನೂನು ಅಲ್ಲಿ ಪುಸ್ತಕಕ್ಕೂ ಲೈಬ್ರರಿಯನ್ನರಿಗೂ ರಕ್ಷಣೆ ಕೊಡುತ್ತದೆ.

ಸಮಿತಿಯಲ್ಲಿ ಐದೋ ಏಳೋ ಜನ ಇರಲಿ, ಬೆಸಸಂಖ್ಯೆಯಾಗಿರಲಿ. ಲೈಬ್ರರಿಯನ್, ಆ ವಯಸ್ಸಿನ ಮಕ್ಕಳಿಗೆ ಪಾಠ ಮಾಡುವ ಟೀಚರ್, ಆಡಳಿತದ ಒಬ್ಬರು, ಪೋಷಕರು. ಹೈಸ್ಕೂಲಾದರೆ ವಿದ್ಯಾರ್ಥಿಯೂ ಬೇಕು. ಸಮಿತಿಗಳು ಎಡವುವುದು ಪ್ರತಿಗಳ ವಿಷಯದಲ್ಲಿ. ಶಾಲೆಯಲ್ಲಿರುವುದು ಒಂದೇ ಪ್ರತಿ, ಓದಬೇಕಾದವರು ಏಳು ಜನ. ಆಗ ಯಾರೋ ‘ಆ ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿ ಕೊಡಿ’ ಅನ್ನುತ್ತಾರೆ. ಅಲ್ಲಿಗೆ ಪುಸ್ತಕ ಅರ್ಧ ಸೋತಂತೆ. ಬಿಡಿಪುಟದಲ್ಲಿ ನೋಡಿದರೆ ಯಾವ ಪುಸ್ತಕವೂ ಉಳಿಯುವುದಿಲ್ಲ. ಯೂಟಾದ ಡೇವಿಸ್ ಜಿಲ್ಲೆಯಲ್ಲಿ 2023ರಲ್ಲಿ ಇದೇ ರೀತಿಯ ದೂರಿನಿಂದ ಬೈಬಲ್ಲೇ ಕಿರಿಯ ತರಗತಿಗಳ ಶಾಲೆಗಳಿಂದ ಹೊರಗೆ ಹೋಗಿ, ಬೋರ್ಡ್ ಅದನ್ನು ಮರಳಿ ತರಬೇಕಾಯಿತು. ಊರಿನ ಸಾರ್ವಜನಿಕ ಗ್ರಂಥಾಲಯದಿಂದ, ಅಕ್ಕಪಕ್ಕದ ಶಾಲೆಗಳಿಂದ ಪ್ರತಿಗಳನ್ನು ಎರವಲು ತನ್ನಿ. ಕಾದಂಬರಿಗೆ ಮೂರು ವಾರ ಕೊಡಿ. 32 ಪುಟದ ಚಿತ್ರಪುಸ್ತಕವಾದರೆ ಎಲ್ಲರೂ ಒಟ್ಟಿಗೆ ಕೂತು, ಒಬ್ಬರು ಚಿತ್ರ ತೋರಿಸುತ್ತಾ ಗಟ್ಟಿಯಾಗಿ ಓದಲಿ. ಮಗು ಅದನ್ನು ಕಾಣುವುದು ಹಾಗೆಯೇ ತಾನೆ.

ಸಮಿತಿಯ ಮುಂದಿಡುವ ಕಡತ ತೆಳ್ಳಗಿರಲಿ. ಪುಸ್ತಕ ಕೊಂಡಾಗ ನೀತಿಯ ಯಾವ ಅಂಶಕ್ಕೆ ಹೊಂದಿತ್ತು, ಸ್ಕೂಲ್ ಲೈಬ್ರರಿ ಜರ್ನಲ್, ಬುಕ್‌ಲಿಸ್ಟ್, ಕರ್ಕಸ್, ಹಾರ್ನ್ ಬುಕ್‌ನಂಥ ಕಡೆ ಬಂದ ವಿಮರ್ಶೆಗಳು, ಪ್ರಕಾಶಕರು ಸೂಚಿಸಿದ ವಯಸ್ಸು, ಪ್ರಶಸ್ತಿ ಬಂದಿದ್ದರೆ ಅದು, ಎಷ್ಟು ಸಲ ಎರವಲು ಹೋಗಿದೆ. ಎಷ್ಟು ಸಲ ಎಂದಷ್ಟೇ, ಯಾರು ತೆಗೆದುಕೊಂಡರು ಎಂಬುದು ಎಲ್ಲೂ ಬರಕೂಡದು. ಮಕ್ಕಳ ಓದಿನ ದಾಖಲೆ ಗೋಪ್ಯ. ದೂರಿನಲ್ಲಿ ‘ಅಶ್ಲೀಲ’ ಎಂಬ ಪದವಿದ್ದರೆ, ಸುಪ್ರೀಂ ಕೋರ್ಟಿನ 1973ರ ಮಿಲ್ಲರ್ ತೀರ್ಪನ್ನು ಒಂದು ಪ್ಯಾರಾದಲ್ಲಿ ವಿವರಿಸಿ: ಕೃತಿಯನ್ನು ಇಡಿಯಾಗಿ ನೋಡಬೇಕು, ಅದಕ್ಕೆ ಗಂಭೀರವಾದ ಸಾಹಿತ್ಯಿಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯವಿದೆಯೇ ಎಂದು ಕೇಳಬೇಕು. ಶಾಲಾ ಇ-ಮೇಲ್‌ನಲ್ಲಿ ದೂರುದಾರರ ಬಗ್ಗೆ ಸಿಟ್ಟಿನ ಮಾತು ಬರೆಯಬೇಡಿ. ದಾಖಲೆ ಬಹಿರಂಗದ ಕಾನೂನಿನಡಿ ಯಾರು ಕೇಳಿದರೂ ಅದು ಆಚೆ ಬರುತ್ತದೆ.

ಸಮಿತಿ ಚೆನ್ನಾಗಿ ಕೆಲಸ ಮಾಡಿದ ಮೇಲೂ ಬೋರ್ಡ್ ಅದನ್ನು ತಳ್ಳಿಹಾಕಬಹುದು. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್‌ನಲ್ಲಿ ಆದದ್ದೇ ಅದು. ಬೋರ್ಡ್ ಸದಸ್ಯರು 1975ರಲ್ಲಿ ಒಂದು ಸಮ್ಮೇಳನದಿಂದ ಪುಸ್ತಕಗಳ ಪಟ್ಟಿ ತಂದರು. ನಂತರ ನಾಲ್ವರು ಪೋಷಕರು, ನಾಲ್ವರು ಸಿಬ್ಬಂದಿಯ ಸಮಿತಿಯನ್ನು ತಾವೇ ನೇಮಿಸಿದರು. ಐದು ಪುಸ್ತಕ ಉಳಿಯಲಿ ಎಂದಿತು ಸಮಿತಿ. ಬೋರ್ಡ್ ನಿರ್ಬಂಧವಿಲ್ಲದೆ ಉಳಿಸಿದ್ದು ಒಂದನ್ನು, ಸಮಿತಿಯ ಮಾತು ತಳ್ಳಿಹಾಕಿದ್ದಕ್ಕೆ ಕಾರಣವನ್ನೂ ಹೇಳಲಿಲ್ಲ. ಸ್ಟೀವನ್ ಪಿಕೊ ಎಂಬ ವಿದ್ಯಾರ್ಥಿಯೂ ಜೊತೆಗಾರರೂ ಕೋರ್ಟಿಗೆ ಹೋದರು. 1982ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೆನನ್ ಅವರ ಅಭಿಪ್ರಾಯದ ಸಾರ: ಪುಸ್ತಕದಲ್ಲಿರುವ ವಿಚಾರ ತಮಗೆ ಹಿಡಿಸಲಿಲ್ಲವೆಂದು ಬೋರ್ಡ್ ಅದನ್ನು ಶಾಲಾ ಲೈಬ್ರರಿಯಿಂದ ತೆಗೆಯುವಂತಿಲ್ಲ. ಆದರೆ ಅದಕ್ಕೆ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರ ಪೂರ್ಣ ಒಪ್ಪಿಗೆ ಇರಲಿಲ್ಲ, ತೀರ್ಪು ಇಂದಿಗೂ ಅಲ್ಲಾಡುವುದು ಅದಕ್ಕೇ. 2025ರ ಮೇ ತಿಂಗಳಲ್ಲಿ ಟೆಕ್ಸಸ್, ಲೂಸಿಯಾನ, ಮಿಸಿಸಿಪ್ಪಿಗಳ ಮೇಲೆ ಅಧಿಕಾರವಿರುವ ಐದನೇ ಸರ್ಕೀಟ್ ಕೋರ್ಟು (ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಮೇಲ್ಮನವಿ ಕೋರ್ಟು), ಟೆಕ್ಸಸ್‌ನ ಲಾನೋ ಕೌಂಟಿಯ ಸಾರ್ವಜನಿಕ ಗ್ರಂಥಾಲಯದ ಪ್ರಕರಣದಲ್ಲಿ, ಪುಸ್ತಕ ತೆಗೆದದ್ದನ್ನು ಓದುಗರು ಸಂವಿಧಾನದ ಹೆಸರಿನಲ್ಲಿ ಪ್ರಶ್ನಿಸುವಂತಿಲ್ಲ ಎಂದಿತು. ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಇರುವ ಕನ್ನಡದ ಪೋಷಕರು ಕೋರ್ಟನ್ನು ನಂಬಿ ಕೂರುವಂತಿಲ್ಲ. ಅಲ್ಲಿ ಉಳಿದಿರುವುದು ಬೋರ್ಡಿನ ಸಭೆ.

ಬೋರ್ಡಿಗೆ ಮತ ಹಾಕಲು ಬಹುತೇಕ ಕಡೆ ನಾಗರಿಕತ್ವ ಬೇಕು. ಸಭೆಯಲ್ಲಿ ಮಾತಾಡಲು ಸಾಮಾನ್ಯವಾಗಿ ಆ ಜಿಲ್ಲೆಯ ನಿವಾಸಿಯಾಗಿದ್ದರೆ ಸಾಕು. ವೀಸಾ ಮೇಲಿರುವವರು ಇದು ತಮಗೆ ಸೇರಿದ್ದಲ್ಲವೆಂದು ಹಿಂದೆ ಸರಿಯುವುದುಂಟು. ಅವರ ಮಕ್ಕಳು ಓದುವುದೂ ಅದೇ ಲೈಬ್ರರಿಯಲ್ಲಿ. ಹೆಸರು ನೋಂದಾಯಿಸುವ ಗಡುವು ಸಭೆಯ ಹಿಂದಿನ ದಿನವೇ ಮುಗಿಯಬಹುದು, ಅಜೆಂಡಾ ಬಂದ ಕೂಡಲೇ ನೋಡಿ. ಸಿಗುವುದು ಎರಡೋ ಮೂರೋ ನಿಮಿಷ. 250 ಪದ ಬರೆದುಕೊಂಡು ಗಡಿಯಾರ ಇಟ್ಟು ಓದಿ ನೋಡಿ. ಓದುವ ಸ್ವಾತಂತ್ರ್ಯದ ಬಗ್ಗೆ ಭಾಷಣ ಬೇಡ. ಪುಸ್ತಕ ಪೂರ್ತಿ ಓದಿದ್ದೇನೆ, ಇಂಥ ವಯಸ್ಸಿನ ಮಗುವಿಗೆ ಇದರಿಂದ ಇಂಥದ್ದು ಸಿಗುತ್ತದೆ, ಸಮಿತಿಯ ವರದಿಯನ್ನು ಎತ್ತಿಹಿಡಿಯಿರಿ. ಇಷ್ಟೇ ಸಾಕು.

ಉಳಿಸಿಕೊಳ್ಳುವ ತೀರ್ಮಾನವಾದರೆ ಮರುದಿನ ಬೆಳಿಗ್ಗೆ ಕಂಪ್ಯೂಟರ್ ನೋಡಿ. ವಿಚಾರಣೆಯ ವೇಳೆ ಯಾರೋ ಕ್ಯಾಟಲಾಗಿನಲ್ಲಿ ಆ ಪುಸ್ತಕವನ್ನು ‘ಲಭ್ಯವಿಲ್ಲ’ ಎಂದು ಗುರುತಿಸಿ, ಬದಲಾಯಿಸಲು ಮರೆತಿರಬಹುದು. ಅದನ್ನು ಸರಿಪಡಿಸಿ, ಸಮಿತಿಗೆ ಕೊಟ್ಟ ಪ್ರತಿಗಳನ್ನು ಎಣಿಸಿ ವಾಪಸ್ ಪಡೆಯಿರಿ, ಬೆನ್ನಿನ ಮೇಲಿನ ಸಂಖ್ಯೆ ನೋಡಿ ಮೊದಲಿದ್ದ ಸಾಲಿನಲ್ಲೇ, ಮಕ್ಕಳ ಕೈಗೆಟಕುವ ಕಡೆ ಇಡಿ.